ಚಪ್ಪಟೆ ಮೀನಿನ ಹೆಚ್ಚುವರಿ ಕಣ್ಣಿನ ಕುರಿತು

ಕಡಲ ತಳದಲ್ಲಿ ಮರಳು ಹೊದ್ದು ಮಲಗಿರುವ ಚಪ್ಪಟೆ ಮೀನಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಎರಡೂ ಕಣ್ಣುಗಳೂ ಕ್ಷೇಮವೆಂದು ನಂಬಿ, ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷಗಳಿಂದ ಕರಡು ತಿದ್ದುತ್ತಿರುವ ನಾನು ಈ ದೂರನ್ನು ತಮ್ಮ ಪಾದಗಳಿಗೆ, ಅಂದರೆ ಪಾದಗಳಿಲ್ಲವೆಂದು ಮೊಮ್ಮಗಳು ಈಗಷ್ಟೇ ತಿದ್ದಿದ್ದರಿಂದ ಈಜುರೆಕ್ಕೆಗಳಿಗೆ, ಅರ್ಪಿಸುತ್ತಿದ್ದೇನೆ.

ಮಕ್ಕಳಿಗೆ ಬಗೆಬಗೆಯ ಮೀನುಗಳನ್ನು ಪರಿಚಯಿಸುವ ಪುಸ್ತಕವೊಂದು ನನ್ನ ಮೇಜಿಗೆ ಬಂದಿತ್ತು. ಕೆಸರಿನ ಮೇಲೆ ನಡೆದಾಡುವ ಮೀನನ್ನು ಸಹಿಸಿಕೊಂಡೆ. ಹೆದರಿದರೆ ಚೆಂಡಿನಂತೆ ಉಬ್ಬುವ ಮೀನಿಗೂ, ಮರಿಗಳನ್ನು ತಾನೇ ಹೊಟ್ಟೆಯ ಚೀಲದಲ್ಲಿ ಹೊರುವ ಗಂಡು ಕಡಲಕುದುರೆಗೂ ತಲೆದೂಗಿದೆ. ಹದಿನೇಳನೇ ಪುಟದಲ್ಲಿ ತಾವು ಒಂದೇ ಕೆನ್ನೆಯ ಮೇಲೆ ಎರಡು ಕಣ್ಣಿಟ್ಟುಕೊಂಡು ನನ್ನನ್ನು ದುರುಗುಟ್ಟಿ ನೋಡಿದಾಗ ಮಾತ್ರ, ಚಿತ್ರಕಾರ ನಿದ್ದೆಗಣ್ಣಿನಲ್ಲಿ ಬಿಡಿಸಿದ್ದಾನೆಂದು ತೀರ್ಮಾನಿಸಿ, ಕೆಂಪು ಪೆನ್ನಿನಲ್ಲಿ 'ಒಂದು ಕಣ್ಣು ಹೆಚ್ಚಾಗಿದೆ, ತೆಗೆಯಿರಿ' ಎಂದು ಬರೆದೆ. ತೆಗೆದರು. ಎರಡು ಸಾವಿರ ಪ್ರತಿ ಅಚ್ಚಾಯಿತು.

ಮೊದಲ ಪ್ರತಿಯನ್ನು ಎಂಟು ವರ್ಷದ ಮೊಮ್ಮಗಳ ಕೈಗೆ ಹೆಮ್ಮೆಯಿಂದ ಇಟ್ಟೆ. ಅವಳು ಹದಿನೇಳನೇ ಪುಟದಲ್ಲಿ ನಿಂತು, "ತಾತಾ, ಎರಡು ಕಣ್ಣೂ ಒಂದೇ ಕಡೆ ಅಂತ ಪಕ್ಕದಲ್ಲೇ ಬರೆದಿದೆಯಲ್ಲ, ಇನ್ನೊಂದನ್ನ ಯಾರು ತೆಗೆದಿದ್ದು?" ಎಂದಳು. ಆ ಸಾಲನ್ನು ನಾನು ನಾಲ್ಕು ಬಾರಿ ತಿದ್ದಿದ್ದೆ. ಕಾಗುಣಿತ ನೋಡುವವನು ಅರ್ಥ ನೋಡುತ್ತಾ ಕೂರುವುದಿಲ್ಲ, ಮಾನ್ಯರೇ.

ಸೋಮವಾರ ಶಾಲೆಗಳಿಗೆ ಹೋಗಬೇಕಾದ ಪುಸ್ತಕ ಇಲ್ಲೇ ಉಳಿದರೆ ನಾನೂ ಮನೆಯಲ್ಲೇ ಉಳಿಯಬಹುದೆಂದು ಮುದ್ರಣಾಲಯದ ಯಜಮಾನರು ಬಹಳ ಸೌಜನ್ಯದಿಂದ ತಿಳಿಸಿದ್ದಾರೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಮೊಮ್ಮಗಳು ಈಗ ತನ್ನ ಹೋಂವರ್ಕನ್ನು ನನ್ನ ಬದಲು ಅಜ್ಜಿಗೆ ತೋರಿಸುತ್ತಾಳೆ. ಆದ್ದರಿಂದ ತಾವು ಸಕುಟುಂಬ ಸಪರಿವಾರ ಒಂದೊಂದು ಕಣ್ಣನ್ನು ಭಾನುವಾರದೊಳಗೆ ಆಚೆ ಕೆನ್ನೆಗೆ ಕಳಿಸಿಕೊಡಬೇಕಾಗಿಯೂ, ಅದಾಗದಿದ್ದರೆ ಖುದ್ದಾಗಿ ಬಂದು ಯಜಮಾನರ ಮುಂದೆ ಒಂದು ಕಣ್ಣು ಮುಚ್ಚಿ ನಿಲ್ಲಬೇಕಾಗಿಯೂ ಕೋರುತ್ತೇನೆ.

ತಮಗೆ ರೆಪ್ಪೆಯೇ ಇಲ್ಲವಂತೆ. ಹೆಗಲ ಹಿಂದೆ ನಿಂತು ಇಷ್ಟನ್ನೂ ಓದಿದ ಮೊಮ್ಮಗಳು ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಅಯ್ಯೋ ಅನಿಸಿತೋ ಏನೋ, ತಾವು ಮರಿಯಾಗಿದ್ದಾಗ ಕೆನ್ನೆಗೊಂದರಂತೆ ಕಣ್ಣಿರುತ್ತದೆಂದೂ, ಬೆಳೆಯುತ್ತಾ ಒಂದು ಈಚೆಗೆ ಸರಿಯುತ್ತದೆಂದೂ ತಿಳಿಸಿ, ನನ್ನ ಕೆಂಪು ಪೆನ್ನನ್ನೇ ಕಿತ್ತುಕೊಂಡು ಚಿತ್ರದ ಕೆಳಗೆ ಬರೆದಳು: 'ಇದು ಇನ್ನೂ ಮರಿ.' ಈ ಪತ್ರವನ್ನು ಅರ್ಧಕ್ಕೇ ನಿಲ್ಲಿಸಿ ಹೋಗಿ ತೋರಿಸಿದೆ, ಯಜಮಾನರು ಒಪ್ಪಿದರು. ಎರಡು ಸಾವಿರ ಚೀಟಿ ಅಚ್ಚಾಗಿ ಬಂದಿವೆ. ನಾನು ಅಂಟಿಸುತ್ತಿದ್ದೇನೆ, ಅವಳು ಒಂದೊಂದನ್ನೂ ತಪಾಸಣೆ ಮಾಡುತ್ತಿದ್ದಾಳೆ. ಇಷ್ಟು ಸಂತೋಷದಿಂದ ನಾನು ಯಾವ ತಪ್ಪನ್ನೂ ತಿದ್ದಿರಲಿಲ್ಲ.

ತಮ್ಮ ವಿಶ್ವಾಸಿ,
ಮೊಮ್ಮಗಳ ಕೈಕೆಳಗಿನ ಕರಡು ತಿದ್ದುವವ

ವಿ.ಸೂ.: ಮೂಲದಲ್ಲಿ ಸರಿಯಾಗಿಯೇ ಇದ್ದ ಕಣ್ಣನ್ನು ಯಾರನ್ನೂ ಕೇಳದೆ ಸ್ಥಳಾಂತರಿಸಿದವರು ತಾವೇ ಎಂಬುದು ಈಗ ಸಾಬೀತಾಗಿದೆ. ಮುಂದೆ ಇಂಥ ತಿದ್ದುಪಡಿಗೆ ಮುನ್ನ ಮೊಮ್ಮಗಳ ಸಹಿ ಪಡೆಯತಕ್ಕದ್ದು, ನಾನಂತೂ ಪಡೆಯುತ್ತಿದ್ದೇನೆ.