ಉಲ್ಟಾ ಪೇಟಿ

ನಮ್ಮ ಮನೆಯವರನ್ನು ಮದುವೆಯಾದ ಮೇಲೆ ನಾನು ಮೊದಲು ಕಲಿತ ವಿದ್ಯೆ, ಕಿವಿಗೆ ಅರಳೆ ಇಟ್ಟುಕೊಳ್ಳುವುದು! ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ ಬಿಡಿ. ಸೊಲ್ಲಾಪುರದ ನವಿ ಪೇಠದಲ್ಲಿ ‘ಉಲ್ಟಾ ಪೇಟಿ ಸಾವಕಾರ’ ಎಂದರೆ ಸಾಕು, ಯಾರಾದರೂ ನಮ್ಮ ಬಟ್ಟೆ ಅಂಗಡಿ ತೋರಿಸುತ್ತಿದ್ದರು. ಪೇಟಿ ಎಂದರೆ ಹಾರ್ಮೋನಿಯಂ. ಲೋಕವೆಲ್ಲ ಎಡಗೈಯಿಂದ ಗಾಳಿ ಹಾಕಿ ಬಲಗೈಯಿಂದ ನುಡಿಸಿದರೆ, ಇವರದು ಪೂರಾ ತಿರುವುಮುರುವು.

ಯಾಕೆ ಅಂತೀರಾ? ಅಕ್ಕಲಕೋಟದಲ್ಲಿ ಗುರುವಾರದ ಭಜನೆಗೆ ಪೇಟಿ ನುಡಿಸುವ ಮಾಸ್ತರರೊಬ್ಬರಿದ್ದರು. ಹುಡುಗರಾಗಿದ್ದಾಗ ಅವರ ಪೇಟಿ ಕೇಳಿ ಇವರಿಗೆ ಹುಚ್ಚೇ ಹಿಡಿಯಿತು. ಕಲಿಸಿರಿ ಎನ್ನಲು ಮಾತ್ರ ಧೈರ್ಯ ಸಾಲದು. ವಾರವಾರವೂ ಮಾಸ್ತರರ ಎದುರಿಗೆ ಕೂತು ಬೆರಳು ನೋಡಿ, ಮನೆಗೆ ಬಂದು ಕಂಡ ಹಾಗೇ ನುಡಿಸಿದರು. ಎದುರಿನವರ ಬಲಗೈ ಇವರಿಗೆ ಎಡಕ್ಕಲ್ಲವೆ ಕಾಣುವುದು! ತಪ್ಪು ತಿಳಿಯುವ ಹೊತ್ತಿಗೆ ಕೈ ಕೂತುಬಿಟ್ಟಿತ್ತು.

ನಮ್ಮ ಪೇಠದ ಭಜನಾ ಮಂಡಳಿಯವರು ಕೈ ಬದಲಿಸು, ಇಲ್ಲವೇ ಮನೆಯಲ್ಲಿರು ಎಂದರು. ಇವರು ಮನೆಯಲ್ಲುಳಿದರು. ದೇವರ ಮುಂದೆ ಎಡಗೈ ಆಡಿಸುವುದೇ ಎಂದು ನಮ್ಮತ್ತೆ ಪೇಟಿಯನ್ನು ದೇವರಮನೆಯಿಂದ ಅಡುಗೆಮನೆಗೆ ಗಡೀಪಾರು ಮಾಡಿದರು. ಅಲ್ಲಿ ನಾನು ರೊಟ್ಟಿ ಬಡಿಯುವ ಸದ್ದೇ ಇವರಿಗೆ ತಬಲಾ. ಹಿಟ್ಟು ನಾದಲು ಕೈ ನಿಲ್ಲಿಸಿದರೆ ತಾಳ ತಪ್ಪಿತೆಂದು ನನ್ನ ಮೇಲೇ ಸಿಟ್ಟು! ಒಂದೇ ಹಟ: ಆ ಮಾಸ್ತರರ ಮುಂದೆ ಒಮ್ಮೆ ನುಡಿಸಬೇಕು, ಅವರು ಭೇಷ್ ಎನ್ನಬೇಕು.

ಎಮರ್ಜೆನ್ಸಿಯ ವರ್ಷ, ಮಾಸ್ತರರು ಭಜನೆಗೆ ಬರುವುದನ್ನೇ ಬಿಟ್ಟರೆಂಬ ಸುದ್ದಿ ಬಂತು. ಮರುದಿನವೇ ಅಂಗಡಿ ಮುಚ್ಚಿ, ನನ್ನನ್ನೂ ಪೇಟಿಯನ್ನೂ ಎಸ್‌ಟಿ ಬಸ್ಸು ಹತ್ತಿಸಿದರು. ಸಿಕ್ಕ ಒಂದೇ ಸೀಟನ್ನು ಯಾರಿಗೆ ಕೊಟ್ಟರು ಹೇಳಿ? ಪೇಟಿಗೆ! ನಾನು ಅಕ್ಕಲಕೋಟದವರೆಗೆ ನಿಂತೇ ಹೋದೆ.

ಮಾಸ್ತರರು ಬಾಗಿಲಲ್ಲಿ ಕೂತಿದ್ದರು. ಲಕ್ವಾ ಹೊಡೆದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಮ್ಮ ಪೇಟಿ ನೋಡಿ ಮುಖ ತಿರುಗಿಸಿದರು.

“ಒಳಗ ತರಬ್ಯಾಡ್ರಿ ಅದನ್ನ. ಸ್ವರ ಕೇಳಿದ್ರ ಸಂಕಟ ಆಗತೈತಿ.”

ಹೋಗೋಣ ಬನ್ನಿ ಎಂದು ನಾನು ಇವರ ತೋಳು ಜಗ್ಗಿದೆ. ಕೇಳುವ ಆಸಾಮಿಯೇ? ಹೊರಗಿನ ಕಟ್ಟೆಯ ಮೇಲೇ ಪೇಟಿ ಇಟ್ಟು ಶುರು ಮಾಡಿದರು. ಮುದುಕರು ಬೈದೇ ಬೈಯುತ್ತಾರೆಂದುಕೊಂಡೆ. ಅವರು ಮೆಲ್ಲಗೆ ಈ ಕಡೆ ತಿರುಗಿದರು. ಕಣ್ಣು ಇವರ ಎಡಗೈಯನ್ನು ಬಿಡಲೇ ಇಲ್ಲ.

“ಎಡಗೈಲೆ ಬಾರಸೂದು ಯಾರು ಕಲಿಸ್ಯಾರ?”

“ನೀವಽ ರಿ. ಎದುರಿಗೆ ಕುಂತು ನೋಡಿ ಕಲ್ತೀನಿ.”

ಮಾಸ್ತರರು ಭೇಷ್ ಎನ್ನಲಿಲ್ಲ. ಗೋಡೆ ಹಿಡಿದು ಎದ್ದು ಬಂದರು.

“ನಾ ಎದುರಿಗೆ ಕುಂಡ್ರೂದಿಲ್ಲಪಾ, ಮತ್ತ ಉಲ್ಟಾ ಆಗತೈತಿ. ಮಗ್ಗಲಾಗ ಕುಂಡರತೀನಿ. ನನಗೂ ತೋರಸು.”

ಇವರು ಗಾಳಿ ಹಾಕಿದರು. ಮಾಸ್ತರರ ಎಡಗೈ ಸಾ ಹುಡುಕಿತು, ರೇ ಹುಡುಕಿತು. ನಮ್ಮ ಮನೆಯವರು ಗಾಳಿ ನಿಲ್ಲಿಸದೆ ಅಳುತ್ತಿದ್ದರು. ನಾನೂ ಕಣ್ಣೊರೆಸಿಕೊಂಡೆ.

ಸಂಜೆ ಮನೆಗೆ ಬಂದವಳು ಅತ್ತೆಯವರನ್ನು ಕೇಳಲಿಲ್ಲ. ಪೇಟಿಯನ್ನು ನಾನೇ ಹೊತ್ತು ದೇವರಮನೆಯಲ್ಲಿಟ್ಟೆ.