ನಾಯಿ ಇಳಿಯುವವರೆಗೆ ನೀರು

ಕಾಲುವೆಯಲ್ಲಿ ವಿಹಾರದೋಣಿ ಇರುವಾಗ ನೀರು ನಿಲ್ಲಿಸತಕ್ಕದ್ದಲ್ಲ ಎಂಬುದು ಹರಿಹರ ತಾಲ್ಲೂಕಿನ ಜಲವಿಹಾರ ನಿಯಮಗಳ ನಾಲ್ಕನೇ ಕಲಮು. ಪೈರು ಇರುವಾಗ ನಿಲ್ಲಿಸಬಾರದೆಂದು ಎಲ್ಲಿಯೂ ಹೇಳಿಲ್ಲ. ಕಾರಣ ಸ್ಪಷ್ಟವಾಗಿದೆ. ನೀರಿಲ್ಲದಿದ್ದರೆ ದೋಣಿಯಲ್ಲಿ ಕೂತವರಿಗೆ ಬೇಸರವಾಗುತ್ತದೆ. ಪೈರಿಗೆ ಬೇಸರವಾದದ್ದನ್ನು ಯಾರೂ ಲಿಖಿತವಾಗಿ ತಿಳಿಸಿಲ್ಲ.

ಇಷ್ಟು ಸರಳವಾದ ವ್ಯವಸ್ಥೆ ಅರ್ಥವಾಗದೆ, ಕಡರನಾಯಕನಹಳ್ಳಿಯ ಭೀಮವ್ವ ಕಾಲುವೆ ಕಚೇರಿಗೆ ಹನ್ನೊಂದನೇ ಸಲ ಬಂದಿದ್ದರು. ಅವರ ಎರಡು ಎಕರೆ ಗದ್ದೆ ಕಾಲುವೆಯ ಕಟ್ಟಕಡೆಗಿತ್ತು. ಭತ್ತ ಕಾಳು ಕಟ್ಟುವ ಹೊತ್ತು. ಇನ್ನು ಇಪ್ಪತ್ತು ದಿನ ನೀರು ಸಿಕ್ಕರೆ ಮನೆಮಂದಿಗೆ ಅನ್ನ, ಇಲ್ಲದಿದ್ದರೆ ದನಕ್ಕೆ ಹುಲ್ಲು.

ಎಂಜಿನಿಯರ್ ಬಸವಪ್ರಭು ಕಡತ ತೆರೆದು ಸಮಾಧಾನದಿಂದ ಹೇಳಿದರು: "ಅವ್ವಾ, ನಿಮ್ಮ ಗದ್ದಿಗೆ ನೀರು ಹೋಗೈತೆ. ಇಲ್ನೋಡ್ರಿ, ಮೊನ್ನಿಂದ ಮೊಣಕಾಲುದ್ದ ನಿಂತೈತೆ."

"ಹಂಗಾರೆ ಆ ಹಾಳಿ ಕೊಡ್ರಿ ಸಾಹೇಬ್ರೆ. ಒಯ್ದು ಗದ್ದ್ಯಾಗ ಹಿಂಡ್ತೀನಿ," ಅಂದರು ಭೀಮವ್ವ.

ಕಚೇರಿಯ ದಾಖಲೆಯನ್ನು ಹೊರಗೆ ಒಯ್ಯುವಂತಿಲ್ಲವಾದ್ದರಿಂದ ಈ ಕೋರಿಕೆ ತಿರಸ್ಕೃತವಾಯಿತು.

ಪಕ್ಕದ ಕುರ್ಚಿಯಲ್ಲಿ ದಾವಣಗೆರೆ ಎಂ.ಸಿ.ಸಿ. 'ಬಿ' ಬ್ಲಾಕಿನ ಮಾಲತೇಶ್ ಕೂತಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರು. ಹೊಸದಾಗಿ ಒಂದು ಫೈಬರ್ ದೋಣಿ ಕೊಂಡು, ವಿಹಾರದ ಪರವಾನಗಿಗೆ ಬಂದಿದ್ದರು. ತೊಡೆಯ ಮೇಲೆ ಪಿಂಟ್ಯಾ ಎಂಬ ಕಂದು ನಾಯಿ. ದೋಣಿಯಲ್ಲಿ ನಾಯಿ ಕಡ್ಡಾಯ. ನಾಯಿಯಿಲ್ಲದ ದೋಣಿ ಮೀನುಗಾರಿಕೆಯಾಗುತ್ತದೆ, ಅದು ಬೇರೆ ಇಲಾಖೆ. ನಾಯಿ ಹತ್ತಿದಾಗ ವಿಹಾರ ಆರಂಭ, ನಾಯಿ ಇಳಿದಾಗ ಮುಕ್ತಾಯ. ಮನುಷ್ಯರ ಬಗ್ಗೆ ನಿಯಮಗಳಲ್ಲಿ ಏನೂ ಇಲ್ಲ.

ಅರ್ಜಿಯಲ್ಲಿ 'ತಲುಪುವ ಸ್ಥಳ' ಮಾತ್ರ ಖಾಲಿ ಉಳಿದಿತ್ತು.

"ಎಲ್ಲಿಗೆ ಹೋಗ್ತೀರಿ ಸಾರ್?" ಬಸವಪ್ರಭು ಕೇಳಿದರು.

"ಎಲ್ಲಾರ ಬರ್ಕೊಳ್ರಿ. ತೇಲಿದ್ರೆ ಸಾಕು," ಅಂದರು ಮಾಲತೇಶ್.

ಭೀಮವ್ವ ಸೆರಗು ಸರಿಮಾಡಿಕೊಂಡರು. "ನಮ್ಮ ಗದ್ದಿ ಕಡೆ ಬರ್ರಿ ಸಾಹೇಬ್ರೆ. ಕಾಲುವೆ ಸೀದಾ ಅಲ್ಲಿಗೇ ಬರ್ತೈತೆ. ಊಟ ನಮ್ಮನ್ಯಾಗೆ. ನಾಯಿಗೂ."

ಪಿಂಟ್ಯಾ ಬಾಲ ಅಲ್ಲಾಡಿಸಿತು. ಅದನ್ನು ಸಮ್ಮತಿ ಎಂದು ದಾಖಲಿಸಲಾಯಿತು.

ಮರುದಿನ ಪ್ರಕಟಣೆ ಹೊರಬಿತ್ತು: "ಶ್ರೀ ಪಿಂಟ್ಯಾ ಅವರ ವಿಹಾರದ ಪ್ರಯುಕ್ತ ಕಾಲುವೆಯ ಕೊನೆಯವರೆಗೆ ಮೂರಡಿ ನೀರು ಕಾಯ್ದುಕೊಳ್ಳಲಾಗುವುದು. ಸದರಿ ನೀರಿನಿಂದ ಯಾವುದೇ ಗದ್ದೆಗೆ ಅನುಕೂಲವಾದಲ್ಲಿ ಕಚೇರಿ ಜವಾಬ್ದಾರಿಯಲ್ಲ."

ಮೂವತ್ತು ವರ್ಷ ಯಾವ ಅಧಿಕಾರಿಯ ಕಣ್ಣಿಗೂ ಬೀಳದಿದ್ದ ನಲವತ್ತೆರಡು ಅಕ್ರಮ ಪಂಪ್‌ಸೆಟ್ ಪೈಪುಗಳು ಒಂದೇ ಬೆಳಿಗ್ಗೆ ಕಾಣಿಸಿದವು. ನೀರು ಕದಿಯುತ್ತಿವೆ ಎಂದಲ್ಲ, ಪಿಂಟ್ಯಾನ ತಲೆಗೆ ತಗುಲಬಹುದೆಂದು ಅವನ್ನು ಕೀಳಿಸಲಾಯಿತು. ಹೂಳು ತೆಗೆಸಿದರು, ಜಾಲಿ ಕಡಿಸಿದರು, ಒಡೆದ ತೂಬಿಗೆ ಸಿಮೆಂಟು ಮೆತ್ತಿದರು. ಮನಸ್ಸು ಮಾಡಿದರೆ ನಮ್ಮ ಕಚೇರಿ ಏನೆಲ್ಲ ಮಾಡಬಲ್ಲದು ಎಂದು ಕಂಡು, ಈ ವರದಿ ಬರೆಯುತ್ತಿರುವ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ.

ಶನಿವಾರ ಮಧ್ಯಾಹ್ನ ನೀರು ಮುಂದೆ, ದೋಣಿ ಹಿಂದೆ ಬಂದವು. ಪಿಂಟ್ಯಾ ತುದಿಯಲ್ಲಿ ನಿಂತು ಕೊಕ್ಕರೆಗಳಿಗೂ ಸೇತುವೆಗಳಿಗೂ ಸಮಾನವಾಗಿ ಬೊಗಳುತ್ತಿತ್ತು. ದಡದಲ್ಲಿ ಜನ ಶಿಳ್ಳೆ ಹಾಕುತ್ತ ಓಡಿದರು. ಭೀಮವ್ವ ಬದುವಿನ ಮಡೆ ಒಡೆದು ಗದ್ದೆಗೆ ನೀರು ಬಿಟ್ಟು, ಕೆಸರಿನಲ್ಲಿ ಮೊಣಕಾಲುದ್ದ ನಿಂತು, "ಬಂತಲ್ಲೋ ಯಪ್ಪಾ, ಬಂತು!" ಎಂದು ನಕ್ಕರು. ನಗುತ್ತಲೇ ಅತ್ತರು.

ಅಷ್ಟರಲ್ಲಿ ಮಾಲತೇಶ್ ಹಗ್ಗ ಕಟ್ಟಿ, "ಇಳಿಯೋ ಪಿಂಟ್ಯಾ, ಊಟ ಮಾಡಾಣ," ಅಂದರು. ಮೇಲೆ ಕಾಲುವೆಯ ಗೇಟಿನ ಹತ್ತಿರ ಕಚೇರಿಯ ನೀರುಗಂಟಿ ಓಬಯ್ಯ ಫೋನು ಕಿವಿಗಿಟ್ಟುಕೊಂಡು ಕಾದಿದ್ದ. ನಾಯಿ ಇಳಿದ ಕ್ಷಣ ಅವನು ಗೇಟು ಮುಚ್ಚಬೇಕು. ಪಿಂಟ್ಯಾ ಒಂದು ಮುಂಗಾಲು ಎತ್ತಿತು.

"ಏ, ಇಳೀಬ್ಯಾಡ ನನ್ನಪ್ಪಾ! ಕುಂತಲ್ಲೇ ಉಣ್ಣು!" ಭೀಮವ್ವ ಕೆಸರಿನಿಂದಲೇ ಕೂಗಿದರು.

ಕೋಳಿಸಾರಿನಲ್ಲಿ ನೆನೆಸಿದ ರೊಟ್ಟಿ ದೋಣಿಗೇ ಬಂತು. ಎತ್ತಿದ ಕಾಲು ಒಳಕ್ಕೆ ಹೋಯಿತು.

ಆ ಕಾಲು ಇಪ್ಪತ್ತು ದಿನ ಹೊರಗೆ ಬರಲಿಲ್ಲ. ಮಾಲತೇಶರ ಹೆಂಡತಿ ಪುಷ್ಪಲತಾ ಫೋನು ಮಾಡಿ, "ನಾಯಿ ಇರ್ಲಿ, ನೀವು ಮನೀಗೆ ಬರ್ರಿ," ಅಂದದ್ದರಿಂದ ಅವರು ಬಸ್ಸು ಹತ್ತಿ ಹೋದರು. ಆಮೇಲೆ ದಿನಾ ಸ್ಕೂಟರಿನಲ್ಲಿ ಬಂದು ನಾಯಿಯ ಯೋಗಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಪಿಂಟ್ಯಾನ ದೇಹಬಾಧೆಗೆಂದು ದೋಣಿಯ ನಡುವೆ ಒಂದು ಕಂಬ ನೆಟ್ಟರು. ಅದರ ಉದ್ಘಾಟನೆ ಕಚೇರಿಯಿಂದಲೇ ನಡೆಯಿತು. ಬಸವಪ್ರಭು ಪ್ರತಿದಿನ ಬೆಳಿಗ್ಗೆ ದಡಕ್ಕೆ ಬಂದು, ನೋಡಿ, ಬರೆದರು: "ನಾಯಿ ದೋಣಿಯಲ್ಲಿದೆ. ವಿಹಾರ ಪ್ರಗತಿಯಲ್ಲಿದೆ."

ಈಗ ಕಾಲುವೆಯ ಕೊನೆಯ ಊರುಗಳಲ್ಲೆಲ್ಲ ಒಂದೊಂದು ದೋಣಿ, ಒಂದೊಂದು ನಾಯಿ ಇವೆ. ನಂದಿಗುಡಿಯಲ್ಲಿ ಹುಡುಕಿದರೂ ಬೀದಿನಾಯಿ ಸಿಗುವುದಿಲ್ಲ, ಎಲ್ಲವೂ ಕರ್ತವ್ಯದ ಮೇಲಿವೆ.

ಆ ಇಪ್ಪತ್ತು ದಿನ ಮುಗಿಯುವಾಗ ಒಂದೇ ತೊಡಕು ಉಳಿದಿತ್ತು. ನಿಯಮಗಳ ಪ್ರಕಾರ ವಿಹಾರ ವಲಯದಲ್ಲಿ ಬೆಳೆ ಇರುವಂತಿಲ್ಲ. ಭೀಮವ್ವನ ಗದ್ದೆಯಲ್ಲಿ ಭತ್ತ ತೆನೆಭಾರಕ್ಕೆ ಬಾಗಿ ನಿಂತಿತ್ತು. ಬಸವಪ್ರಭು ತಪಾಸಣೆಗೆ ಬಂದು ಬಹಳ ಹೊತ್ತು ನೋಡಿದರು.

"ಏನವ್ವಾ ಇದು?"

"ಕಳೆ, ಸಾಹೇಬ್ರೆ."

"ಹಂಗಾರೆ ಬೇಗ ತೆಗೆಸ್ರಿ," ಎಂದು ಅವರು ಸಹಿ ಹಾಕಿದರು.

ಊರೆಲ್ಲ ಸೇರಿ ಕಳೆ ಕೊಯ್ದು, ಬಡಿದು, ತೂರಿ, ನಲವತ್ತು ಮೂಟೆ ಕಟ್ಟಿದರು. ಒಂದು ಮೂಟೆಯನ್ನು ಗಿರಣಿಗೆ ಹಾಕಿಸಿ ಭೀಮವ್ವ ಕಚೇರಿಯವರನ್ನೂ ಊಟಕ್ಕೆ ಕರೆದರು. ಬಸವಪ್ರಭು ಬಿಸಿಬಿಸಿ ಉಂಡು, ಬೆರಳು ಚೀಪಿ, ತಟ್ಟೆ ಮುಂದೆ ಮಾಡಿದರು.

"ಕಳೆ ಭಾಳ ಚಲೋ ಬಂದೈತೆ ಅವ್ವಾ. ಇನ್ನೊಂದೀಟು ಹಾಕ್ರಿ."