ಮೊದಲು ತಪ್ಪು, ಆಮೇಲೆ ಸರಿ

ಬೈಕಿನ ಬ್ರೇಕು ಹಿಡಿಯುತ್ತಿಲ್ಲ ಎಂದು ಅವನು ಮಳೆಗಾಲದಿಂದಲೂ ಹೇಳುತ್ತಲೇ ಇದ್ದ. ಬೈಕು ಕಂಪನಿಯದು. ಕಂಪನಿ ಬ್ರೇಕು ಸರಿ ಮಾಡಿಸಲಿಲ್ಲ. ಸವಾರರಿಗೆಲ್ಲ ಪ್ರಥಮ ಚಿಕಿತ್ಸೆಯ ಶಿಬಿರ ಏರ್ಪಡಿಸಿತು.

ಪಾರ್ಸೆಲ್ ಹಂಚುವ ಈ ಸವಾರನನ್ನು ಗೋದಾಮಿನಲ್ಲಿ ಎಲ್ಲರೂ ಆಮೆ ಎಂದೇ ಕರೆಯುತ್ತಿದ್ದರು. ಬ್ರೇಕಿಲ್ಲದ ಬೈಕಿನ ಮೇಲೆ ಕೂತವನು ಆಮೆಯಾಗದೆ ಇನ್ನೇನಾದಾನು? ಆದರೆ ಶಿಬಿರದ ದಿನ ಆಮೆಯೂ ಓಡಬೇಕಾಯಿತು. ತಡವಾಗಿ ಬಂದವರಿಗೆ ವಾರವಿಡೀ ಪಾರ್ಸೆಲ್ ಕೊಡುವುದಿಲ್ಲವೆಂದು ಮ್ಯಾನೇಜರು ಹಿಂದಿನ ದಿನವೇ ಸಾರಿದ್ದ.

ಗೇಟು ಕಾಯುತ್ತಿದ್ದವನು ಆಮೆಯ ಅಕ್ಕನ ಗಂಡ. ಹೊತ್ತಾಗುತ್ತಲೇ ಗೇಟು ಮುಚ್ಚಬೇಕೆಂಬ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು ಅವನು ಬಾಗಿಲು ನೂಕುತ್ತಿದ್ದಾಗ ಇಳಿಜಾರಿನಲ್ಲಿ ಬೈಕು ಕಂಡಿತು.

"ಬೇಗ ಬಾರೋ, ಮುಚ್ತಾ ಇದ್ದೀನಿ!"

"ಮುಚ್ಬೇಡಿ ಭಾವ! ಇದು ನಿಲ್ಲಲ್ಲ!"

ನಿಲ್ಲಲಿಲ್ಲ. ಒದ್ದೆ ಕೈಯಿಂದ ಜಾರಿದ ಸೋಪಿನಂತೆ ಗೇಟಿನ ಸಂದಿಯಲ್ಲಿ ನುಸುಳಿ, ಅಂಗಳದ ಕಂಬಕ್ಕೆ ಬಡಿದು, ಸವಾರನನ್ನು ವೇದಿಕೆಯ ಬುಡಕ್ಕೇ ಎಸೆದು, ಬೈಕು ಅವನ ಕಾಲ ಮೇಲೆ ಮಲಗಿತು.

ಸರಿಯಾಗಿ ಅದೇ ಗಳಿಗೆಯಲ್ಲಿ ತರಬೇತುದಾರ ಮೈಕಿನಲ್ಲಿ ಹೇಳುತ್ತಿದ್ದ: "ಈಗ ನಿಮ್ಮ ಕಣ್ಣೆದುರೇ ಒಂದು ಅಪಘಾತ ನಡೆಯುತ್ತೆ, ಗಮನವಿಟ್ಟು ನೋಡಿ."

ಅಂಗಳ ತುಂಬ ಚಪ್ಪಾಳೆ. ಶಿಬಿರ ನೋಡಲೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಕಂಪನಿಯ ದೊಡ್ಡ ಸಾಹೇಬರೂ ಚಪ್ಪಾಳೆ ತಟ್ಟಿದರು. ಗಾಯಾಳುವಿನ ಪಾತ್ರಕ್ಕೆ ತರಬೇತುದಾರ ನಾಟಕದವನೊಬ್ಬನನ್ನು ಫೋನಿನಲ್ಲೇ ಗೊತ್ತು ಮಾಡಿದ್ದ, ಮುಖ ನೋಡಿರಲಿಲ್ಲ. ಬಂದ ಮುಖ ಇದೇ ಎಂದುಕೊಂಡ.

"ಲೇ, ನಮ್ಮ ಆಮೆ ಕಣ್ರೋ!" ಎಂದ ಲೈಟುಕಂಬ ಎಂಬ ಅಡ್ಡಹೆಸರಿನ ಉದ್ದನೆಯ ಸವಾರ. "ಒಬ್ಬರಿಗೂ ಹೇಳದೆ ಪಾರ್ಟು ಗಿಟ್ಟಿಸ್ಕೊಂಡಿದ್ದಾನೆ ಕಳ್ಳ!"

"ನನಗೇ ಹೇಳ್ಲಿಲ್ಲ ನೋಡಿ," ಎಂದು ಗೇಟಿನಿಂದ ಭಾವ ಮುನಿಸಿಕೊಂಡ.

ಆಮೆ ತನ್ನ ಕಾಲು ನೋಡಿಕೊಂಡ. ಮೊಣಕಾಲಿನ ಕೆಳಗೆ ಇನ್ನೊಂದು ಮೊಣಕಾಲು ಹುಟ್ಟಿದ ಹಾಗಿತ್ತು, ಅಲ್ಲಿಂದ ನೆತ್ತರು ಇಳಿಯುತ್ತಿತ್ತು. ಆಸ್ಪತ್ರೆಗೆ ಹೋಗದಿದ್ದರೆ ಈ ಕಾಲು ತನ್ನದಲ್ಲ ಎಂದು ಅವನಿಗೆ ಆಗಲೇ ಹೊಳೆಯಿತು.

"ಅಯ್ಯೋ! ನಿಜವಾಗ್ಲೂ ಬಿದ್ದಿದ್ದೀನಿ ಕಣ್ರೋ!"

"ಗಾಯಾಳು ಹೀಗೇ ಕೂಗ್ತಾನೆ," ಎಂದ ತರಬೇತುದಾರ. "ನಮ್ಮ ಪದ್ಧತಿ ಏನಪ್ಪಾ ಅಂದ್ರೆ, ಮೊದಲು ಜನ ಮಾಡೋ ತಪ್ಪು, ಆಮೇಲೆ ಸರಿ. ತಪ್ಪು ಮಾಡೋಕೆ ಯಾರ್ಯಾರು ಬರ್ತೀರಿ?"

ತಪ್ಪು ಮಾಡಲು ಇಡೀ ಗೋದಾಮೇ ಎದ್ದು ಬಂತು.

ಬೈಕನ್ನು ದರದರ ಎಳೆದು ಬದಿಗೆ ಒಗೆದರು. ಲೈಟುಕಂಬ ಎದೆಯ ಮೇಲೆ ಮೊಣಕಾಲೂರಿ ಹೆಲ್ಮೆಟ್ಟನ್ನು ಬಿಗಿಯಾದ ಡಬ್ಬಿಯ ಮುಚ್ಚಳದಂತೆ ಕೀಳತೊಡಗಿದ. "ಹೀಗೆ ಎಳೆದರೆ ಕತ್ತಿನ ಮೂಳೆ ಮುರಿದು ಜೀವಮಾನವಿಡೀ ಹಾಸಿಗೆ," ಎಂದು ತರಬೇತುದಾರ ವಿವರಿಸಿದ. "ಭೇಷ್, ಇನ್ನೂ ಎಳೀರಿ!"

"ಕುತ್ತಿಗೆ... ಕುತ್ತಿಗೆ ಹೋಗುತ್ತೋ ಪಾಪಿ!"

"ಏನ್ ಆ್ಯಕ್ಟಿಂಗ್ ಗುರೂ!" ಎನ್ನುತ್ತ ಲೈಟುಕಂಬ ಹೆಲ್ಮೆಟ್ ಕಿತ್ತು ಎತ್ತಿ ತೋರಿಸಿದ.

ಇನ್ನೊಬ್ಬ ಬಾಯಿಗೆ ನೀರು ಸುರಿದ. ನೀರು ಮೂಗಿಗೆ ನುಗ್ಗಿ ಆಮೆ ಕೆಮ್ಮಿದ. ಉಸಿರಿನ ದಾರಿಗೆ ನೀರು ಹೋಗುವುದು ಹೀಗೆ ಎಂದು ತರಬೇತುದಾರ ಬೆರಳು ತೋರಿಸಿದ. ಮತ್ತಿಬ್ಬರು ಎತ್ತಿ ಕೂರಿಸಿದರು. ಮಗದೊಬ್ಬ ಸೊಟ್ಟ ಕಾಲನ್ನು ಚಪಾತಿ ಹಿಟ್ಟಿನಂತೆ ನಾದಿದ.

"ನಾಟಕ ಅಲ್ಲ! ದಮ್ಮಯ್ಯ, ನಾಟಕ ಅಲ್ಲ!"

"ಪೆಟ್ಟಾದಾಗ ತಲೆ ಕೆಟ್ಟು ಏನೇನೋ ಬಡಬಡಿಸ್ತಾರೆ," ಎಂದ ತರಬೇತುದಾರ. " ಕಿವಿಗೆ ಹಾಕ್ಕೋಬೇಡಿ."

ಆಮೆ ಸುಮ್ಮನಾದ. ಕೂಗಿದರೆ ಚಪ್ಪಾಳೆ, ಸುಮ್ಮನಿದ್ದರೆ ಮೆಚ್ಚುಗೆ. ದುಡಿಯುವವನ ನೋವು ನಿಜವೆಂದು ನಂಬಿಸಲು ಈ ಲೋಕದಲ್ಲಿ ಎಷ್ಟು ನೆತ್ತರು ಸುರಿಸಬೇಕೋ!

ಅಷ್ಟರಲ್ಲಿ ಗೇಟಿನಿಂದ ಒಬ್ಬ ಏದುಸಿರು ಬಿಡುತ್ತ ಓಡಿಬಂದ. ಹಣೆಗೆ ಕೆಂಪು ಬಣ್ಣ, ಅಂಗಿ ಅಲ್ಲಲ್ಲಿ ಅಚ್ಚುಕಟ್ಟಾಗಿ ಹರಿದಿತ್ತು.

"ಕ್ಷಮಿಸಿ ಸಾರ್, ಬಸ್ಸು ಕೆಟ್ಟೋಯ್ತು. ನಾನು ಎಲ್ಲಿ ಬೀಳಬೇಕು?"

ತರಬೇತುದಾರ ಅವನನ್ನು ನೋಡಿದ. ಆಮೆಯನ್ನು ನೋಡಿದ. ಮೈಕು ಕೆಳಗಿಟ್ಟು ಬಗ್ಗಿ, ಕಾಲಿನ ಕೆಂಪನ್ನು ಬೆರಳಿಂದ ಮುಟ್ಟಿದ. ಬಿಸಿಯಾಗಿತ್ತು. ಅವನ ಮುಖ ಸುಣ್ಣವಾಯಿತು.

"ಮ್ಯಾನೇಜರ್ ಸಾರ್," ಎಂದು ಪಿಸುಗುಟ್ಟಿದ, "ಇವನು... ನಿಜ."

ಮ್ಯಾನೇಜರು ತಿರುಗಿ ದೊಡ್ಡ ಸಾಹೇಬರ ಮುಖ ನೋಡಿದ. ಅವರು ನಗುತ್ತಿದ್ದರು. "ಶ್! ಸಾಹೇಬರು ಹೋಗೋ ತನಕ ಬಾಯಿ ಬಿಡಬೇಡಿ. ತಪ್ಪು ಮುಗೀತಲ್ಲ? ಸರಿ ಶುರು ಮಾಡಿ. ಆ ಹೊಸಬನ ಮೇಲೆ."

ಆಮೆಯನ್ನು ವೇದಿಕೆಯ ಬದಿಗೆ ಸರಿಸಿ, ಬ್ಯಾನರು ಮುಚ್ಚಿದರು. ನಟ ಹೂವಿನಂತೆ ನೆಲಕ್ಕೊರಗಿದ.

ಅವನ ತಲೆಯನ್ನು ಅಲುಗದಂತೆ ಎರಡು ಕೈಗಳು ಹಿಡಿದವು. ಹಣೆಯ ಬಣ್ಣದ ಮೇಲೆ ಶುಭ್ರವಾದ ಬಟ್ಟೆ ಒತ್ತಿ ಹಿಡಿದರು. ಗಟ್ಟಿಮುಟ್ಟಾದ ಕಾಲಿಗೆ ಎರಡೂ ಕಡೆ ರಟ್ಟು ಕೊಟ್ಟು, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಪಟ್ಟಿ ಸುತ್ತಿದರು. ಕಂಬಳಿ ಹೊದಿಸಿದರು. "ಭಯ ಪಡಬೇಡಣ್ಣ, ನಾವಿದ್ದೀವಿ," ಎಂದು ಸಮಾಧಾನದ ಮಾತೂ ಆಡಿದರು. ಎಲ್ಲರೂ ಒಟ್ಟಿಗೆ ಎತ್ತಿ, ಶಿಬಿರಕ್ಕೆಂದೇ ಕರೆಸಿದ್ದ ಆಂಬುಲೆನ್ಸಿಗೆ ಏರಿಸಿದರು. ಬ್ಯಾನರಿನ ಅಂಚಿನಿಂದ ಆಮೆ ಎಲ್ಲವನ್ನೂ ನೋಡಿದ. ಶಿಬಿರದಲ್ಲಿ ಅವನಷ್ಟು ಶ್ರದ್ಧೆಯಿಂದ ಪಾಠ ಕಲಿತವನು ಇನ್ನೊಬ್ಬನಿರಲಿಲ್ಲ.

ಆಂಬುಲೆನ್ಸು ಸೈರನ್ ಹಾಕಿಕೊಂಡು, ಮೈಯಲ್ಲಿ ಗೀರೂ ಇಲ್ಲದ ನಟನನ್ನು ಹೊತ್ತು ಹೊರಟುಹೋಯಿತು. ಅದರ ಹಿಂದೆಯೇ ಸಾಹೇಬರ ಕಾರು.

ಬ್ಯಾನರು ಸರಿಸಿದಾಗ ನೆಲದ ಮೇಲೆ ಮಡುಗಟ್ಟಿದ್ದ ನೆತ್ತರನ್ನು ಲೈಟುಕಂಬ ಮುಟ್ಟಿ ನೋಡಿದ. "ಅಯ್ಯಯ್ಯೋ... ಸಾರ್, ನಮ್ಮ ಫೋನ್ ಕೊಡಿ ಸಾರ್!" ಶಿಬಿರಕ್ಕೆ ಅಡ್ಡಿಯೆಂದು ಗೇಟಿನವನದೂ ಸೇರಿ ಫೋನುಗಳನ್ನೆಲ್ಲ ಮ್ಯಾನೇಜರ ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಆಮೆಯ ಫೋನು ಬಿದ್ದ ರಭಸಕ್ಕೇ ಪುಡಿಯಾಗಿತ್ತು.

"ಕೊಡ್ತೀನಯ್ಯಾ," ಎಂದ ಮ್ಯಾನೇಜರು. "ಮೊದಲು ಇವನು ಗೇಟಿನಾಚೆ ಹೋಗಿ ಮಲಗಲಿ. ರಸ್ತೇಲಿ ಬಿದ್ದಿದ್ರೆ ಅದು ಅವನ ಹಣೆಬರಹ. ಇಲ್ಲಿ ಬಿದ್ದಿದ್ರೆ ಕಂಪನಿ ತಲೆಗೆ ಬರುತ್ತೆ. ಏಯ್ ವಾಚ್‌ಮನ್! ನಿನ್ನ ಬಾಮೈದ ತಾನೇ? ಎಬ್ಬಿಸು."

ಭಾವ ಬಂದು ಕುಕ್ಕರಗಾಲಲ್ಲಿ ಕೂತ.

"ಏಳಪ್ಪಾ. ನನ್ನ ಹೆಗಲು ಹಿಡ್ಕೋ. ಗೇಟಿನಾಚೆ, ಅಷ್ಟೇ. ಆಮೇಲೆ ಇವರೇ ಫೋನ್ ಮಾಡ್ತಾರೆ."

"ಕುಂಟ್ಕೊಂಡು ಅಲ್ಲೀವರೆಗೆ ಹೋದ್ರೆ ಕಾಲು ಉಳಿಯುತ್ತಾ ಭಾವ?"

ಭಾವ ಅವನ ಕಂಕುಳಿಗೆ ಕೈ ಹಾಕಿದ. "ನನ್ನ ಕೆಲಸಾನೂ ಹೋಗುತ್ತೆ ಕಣೋ. ನಿಮ್ಮಕ್ಕನ ಮುಖ ನೋಡಾದ್ರೂ ಏಳೋ."

ಆಮೆ ಕೈ ಚಾಚಿ ವೇದಿಕೆಯ ಕಬ್ಬಿಣದ ಕಾಲನ್ನು ತಬ್ಬಿಕೊಂಡ.

"ಅಕ್ಕನಿಗೆ ನಾನೇ ಹೇಳ್ತೀನಿ," ಎಂದ. "ಏಳಲ್ಲ ಭಾವ."